ಸಾಖಿದೆಯ ಕೊಳಕು ನೀರು

ಟಿಬಿಲಿಸಿ, ೧೨ ಮೇ ೧೯೨೭

ಪರ್ಮೆನ್ ದೊಡ್ಡಪ್ಪನಿಗೆ,

ನಿಮ್ಮ ಬೇನೆ ನನಗಿರಲಿ. ಹೇಗಿದ್ದೀರಿ? ಮಂಡಿನೋವು ಹೇಗಿದೆ?

ನೀವು ಊರಲ್ಲೆಲ್ಲ ನನ್ನ ಬಗ್ಗೆ ಏನೇನೋ ಹೇಳಿಕೊಂಡು ತಿರುಗುತ್ತಿದ್ದೀರಂತೆ. ಅಂಚೆಯ ಎರ್ಮಾಲೋ ಮೊನ್ನೆಯ ಲಕೋಟೆಯ ಮೇಲೆ ‘ಪ್ರೊಫೆಸರ್ ತೆಬ್ರೋನೆ ಅವರಿಗೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದ್ದ. ಇಡೀ ಪ್ರಯೋಗಶಾಲೆ ಒಂದು ದಿನ ನಕ್ಕಿತು. ನಾನು ಪ್ರೊಫೆಸರ್ ಅಲ್ಲ ದೊಡ್ಡಪ್ಪ. ನನ್ನ ಹತ್ತಿರ ಇರುವುದು ಕಿಟಕಿಯ ಪಕ್ಕ ಒಂದು ಮೇಜು, ಇಪ್ಪತ್ತು ಗಾಜಿನ ತಟ್ಟೆ, ರೋಗಾಣುಗಳನ್ನು ತಡೆಹಿಡಿಯುವ ಒಂದು ಪಿಂಗಾಣಿಯ ಸೋಸುಕೊಳವೆ. ಮೇಜಿನ ಒಂದು ಕಾಲು ಗಿಡ್ಡ.

ಈಗ ನಿಮ್ಮಿಂದ ಒಂದು ಉಪಕಾರ ಆಗಬೇಕು. ಕಳೆದ ಶರತ್ಕಾಲದಲ್ಲಿ ಜಿಲ್ಲೆಯ ಡಾಕ್ಟರರು ನಿಮ್ಮ ಆಸ್ಪತ್ರೆಯಿಂದ ಕಳಿಸಿದ ರಕ್ತಭೇದಿಯ ರೋಗಾಣು ನನ್ನ ಬಳಿ ಮಾಂಸದ ಸಾರಿನಲ್ಲಿ ಸುಖವಾಗಿ ಬೆಳೆಯುತ್ತಿದೆ. ಆ ರೋಗಾಣುವನ್ನೇ ತಿಂದುಹಾಕುವ ಇನ್ನೂ ಸಣ್ಣದೊಂದು ಜೀವ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕಾಣದಷ್ಟು ಸಣ್ಣದು. ಜೀವ ಹೌದೋ ಅಲ್ಲವೋ ಎಂದು ಪ್ಯಾರಿಸ್ಸಿನ ಪಂಡಿತರೇ ಇನ್ನೂ ಜಗಳವಾಡುತ್ತಿದ್ದಾರೆ. ಆದರೆ ಅದು ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ. ಹಾಲಿನ ಹಾಗೆ ಕದಡಿದ ಸಾರಿಗೆ ಅದರ ನಾಲ್ಕು ಹನಿ ಹಾಕಿದರೆ ಮರುದಿನ ಬೆಳಿಗ್ಗೆ ಸಾರು ತಿಳಿಯಾಗಿರುತ್ತದೆ, ರೋಗಾಣು ಹೆಸರಿಲ್ಲದೆ ಹೋಗಿರುತ್ತದೆ. ಅದನ್ನು ರೋಗಿಗೆ ಕುಡಿಸಿದರೆ ಹೊಟ್ಟೆಯೊಳಗೂ ಇದೇ ಕೆಲಸ ಮಾಡುತ್ತದೆ ಎನ್ನುತ್ತಾರೆ.

ಇಲಿ ಹೆಚ್ಚಿರುವಲ್ಲಿ ಬೆಕ್ಕೂ ಇರುತ್ತದೆಯಲ್ಲ, ಹಾಗೆ ರೋಗ ಇರುವಲ್ಲೇ ಇದೂ ಇರುತ್ತದೆ. ಸಾಖಿದೆಯ ರೋಗಾಣುವನ್ನು ತಿನ್ನುವುದು ಸಾಖಿದೆಯಲ್ಲೇ ಸಿಗಬೇಕು. ಅದಕ್ಕೆ ಆಸ್ಪತ್ರೆಯ ಹಿಂದಿನ ಚರಂಡಿ ಸೇತುವೆಯ ಕೆಳಗೆ ನದಿ ಸೇರುವ ಜಾಗದಿಂದ ಒಂದು ಬಾಟಲಿ ನೀರು ಕಳಿಸಿ. ಇದ್ದದ್ದು ಇದ್ದ ಹಾಗೆ.

ಅವಸರವೇನೂ ಇಲ್ಲ. ಬಿಡುವಾದಾಗ ಕಳಿಸಿದರೆ ಸಾಕು.

ನಿಮ್ಮ
ತೆಬ್ರೋನೆ


ಸಾಖಿದೆ, ೨೦ ಮೇ ೧೯೨೭

ತೆಬ್ರೋನೆ ತಾಯಿ,

ನಿನ್ನ ಬೇನೆ ನನಗಿರಲಿ. ಮಂಡಿ ಚೆನ್ನಾಗಿದೆ, ಮಳೆ ಬರುವ ಹಿಂದಿನ ದಿನ ಮಾತ್ರ ಮಾತಾಡುತ್ತದೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ನನಗಾಗಿ, ಇನ್ನೊಂದು ಸಲ ದೆಸ್ಪಿನೆಗಾಗಿ. ಗಂಡ ಸತ್ತ ಮೇಲೆ ಅವಳಿಗೆ ಜಗಳ ಆಡಲು ಪಕ್ಕದ ಮನೆಯ ನಾನೊಬ್ಬನೇ ಉಳಿದಿರುವುದು. “ಕಣ್ಣಿಗೆ ಕಾಣ್ದೇ ಇರೋದು ತಿನ್ನುತ್ತಂತಾ? ನನ್ನ ಅಳಿಯನ ತರ ಇದೆ ಬಿಡು, ಕೆಲಸದಲ್ಲಿ ಕಾಣಲ್ಲ, ಊಟದಲ್ಲಿ ಕಾಣ್ತಾನೆ,” ಅಂದಳು. ಅಂದಿನಿಂದ ನಿನ್ನ ಆ ಜೀವಗಳಿಗೆ ನಮ್ಮಲ್ಲಿ ಹೊಟ್ಟೆಬಾಕರು ಎಂದು ಹೆಸರಾಗಿದೆ.

ನೀನು ಕೇಳಿದ ನೀರನ್ನು ರೈಲಿನ ಗಾರ್ಡ್ ಪ್ರೊಕೋಪಿಯ ಕೈಯಲ್ಲಿ ಕಳಿಸಿದ್ದೇನೆ. ಸೇತುವೆಯ ಕೆಳಗೆ ನಾನೇ ಇಳಿದು ತುಂಬಿದೆ. ಬಾಟಲಿಯನ್ನು ಮೊದಲು ದ್ರಾಕ್ಷಿಯ ಸಾರಾಯಿಯಿಂದ ಮೂರು ಸಲ ತೊಳೆದೆ. ನಮ್ಮ ಮನೆಯಿಂದ ರಾಜಧಾನಿಗೆ ಹೋಗುವ ಬಾಟಲಿ ನೋಡಿ ಯಾರೂ ಮೂಗು ಮುರಿಯಬಾರದು. ಜೊತೆಗೆ ಉಪ್ಪು ಚೀಸು ಎರಡು ಗುಂಡು. ಒಂದು ನಿನಗೆ, ಒಂದು ನಿಮ್ಮ ದೊಡ್ಡ ಡಾಕ್ಟರಿಗೆ.

ಪ್ರೊಫೆಸರ್ ಅಲ್ಲ ಎನ್ನುತ್ತೀಯ. ಇವತ್ತಲ್ಲದಿದ್ದರೆ ನಾಳೆ ಆಗುತ್ತೀಯ. ಎರ್ಮಾಲೋಗೆ ಮೊದಲೇ ಅಭ್ಯಾಸ ಆಗಲಿ.

ದೊಡ್ಡಪ್ಪ
ಪರ್ಮೆನ್


ಟಿಬಿಲಿಸಿ, ೨ ಜೂನ್ ೧೯೨೭

ದೊಡ್ಡಪ್ಪ,

ನಿಮ್ಮ ಬೇನೆ ನನಗಿರಲಿ. ಚೀಸು ಮುಗಿಯಿತು. ನೀರಿನಲ್ಲಿ ಏನೂ ಸಿಗಲಿಲ್ಲ.

ಸೋಸಿದೆ, ಸಾರಿಗೆ ಹಾಕಿದೆ, ಬೆಳಿಗ್ಗೆ ಬಂದು ನೋಡಿದರೆ ಸಾರು ಮೊದಲಿನಷ್ಟೇ ಕದಡಿತ್ತು. ಮತ್ತೆ ಹಾಕಿದೆ, ಮತ್ತೆ ಹಾಗೇ. ನಿಮ್ಮ ಸಾರಾಯಿಯದೇ ತಪ್ಪಿರಬೇಕು. ನಮ್ಮ ಮುಖ್ಯಸ್ಥ ಡಾಕ್ಟರ್ ಇಪೊಲಿಟೆ ಬಾಟಲಿಯ ಬಾಯಿ ಮೂಸಿ, ಬೆಳಕಿಗೆ ಹಿಡಿದು ನೋಡಿ, “ತೆಬ್ರೋನೆ, ಈ ಚರಂಡಿ ಎಲ್ಲಿದೆ ಹೇಳಮ್ಮ. ನಿವೃತ್ತಿ ಆದ್ಮೇಲೆ ಅದರ ಪಕ್ಕದಲ್ಲೇ ಒಂದು ಮನೆ ಮಾಡ್ಕೋತೀನಿ,” ಅಂದರು. ನಾನು ನಕ್ಕೆ. ನಗು ಅಷ್ಟೊಂದು ಬರಲಿಲ್ಲ.

ಇನ್ನೊಂದು ಬಾಟಲಿ ಬೇಕು. ಈ ಸಲ ಬಾಟಲಿಯನ್ನು ಬರೀ ಕುದಿಸಿ ಆರಿಸಿ, ಬೇರೇನೂ ಮಾಡಬೇಡಿ. ನೀರು ಎಷ್ಟು ಕೊಳಕಾಗಿದ್ದರೆ ಅಷ್ಟು ಒಳ್ಳೆಯದು. ಮತ್ತೆ, ಹೇಳಲು ಸಂಕೋಚವಾಗುತ್ತದೆ, ರಕ್ತಭೇದಿಯಿಂದ ಚೇತರಿಸಿಕೊಳ್ಳುತ್ತಿರುವ ರೋಗಿ ಯಾರಾದರೂ ಇದ್ದರೆ ಅವರ ಮಲವೂ ಒಂದಿಷ್ಟು ಬೇಕು. ಹೊಟ್ಟೆಬಾಕರು ಅಲ್ಲಿ ಖಂಡಿತ ಇರುತ್ತಾರೆ. ರೋಗಿ ಗುಣವಾಗುವುದೇ ಅವರಿಂದ ಇರಬಹುದು ಎನ್ನುತ್ತಾರೆ.

ಬೇಗ ಕಳಿಸಿದರೆ ಒಳ್ಳೆಯದು. ಹಾಗಂತ ಏನೂ ಅವಸರ ಇಲ್ಲ.

ತೆಬ್ರೋನೆ


ಸಾಖಿದೆ, ೧೧ ಜೂನ್ ೧೯೨೭

ತೆಬ್ರೋನೆ,

ನಿನ್ನ ಕಾಗದ ಬಂದ ದಿನ ನಾನು ಆಸ್ಪತ್ರೆಯಲ್ಲಿ ಔಷಧಿ ಕಲಸುತ್ತಿದ್ದೆ. ಎರ್ಮಾಲೋ ಅದನ್ನು ಒಡೆದುಕೊಂಡೇ ಬಂದ, ಅಂಟು ತಾನಾಗಿ ಬಿಟ್ಟುಕೊಂಡಿತು ಎಂದು ಆಣೆ ಇಟ್ಟ. ಅದನ್ನು ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಜನಕ್ಕೆ ಓದಿಯೂ ಆಗಿತ್ತು. ಸಂಜೆ ಹೊತ್ತಿಗೆ ಊರಿಗೆ ಊರೇ ನನ್ನನ್ನು ಕೇಳುತ್ತಿತ್ತು: “ಏನ್ ಪರ್ಮೆನಣ್ಣ, ನಿಮ್ಮ ಹುಡುಗಿ ಟಿಬಿಲಿಸಿಯಲ್ಲಿ ಓದಿ ಓದಿ ಕೊನೆಗೆ ಇದನ್ನಾ ಕೇಳೋದು?”

ನಿನ್ನನ್ನು ಐದನೆಯ ವರ್ಷದಿಂದ ಸಾಕಿದವನು ನಾನು. ದ್ರಾಕ್ಷಿ ಕೇಳು, ಜೇನು ಕೇಳು, ಮಾಂಸ ಕೇಳು, ಇಲ್ಲ ಎಂದಿದ್ದರೆ ನನ್ನ ಮೀಸೆ ಬೋಳಿಸು. ನಮ್ಮ ಮನೆಯಿಂದ ಪರವೂರಿಗೆ ಕಳಿಸುವ ವಸ್ತುವೇ ಅದು? ಅದನ್ನು ಕಳಿಸಲಾರೆ. ಇಲ್ಲಿ ರಕ್ತಭೇದಿಯೂ ಇಲ್ಲ. ಚರ್ಮ ಹದ ಮಾಡುವ ಹದಗಾರರ ಬೀದಿಯಲ್ಲಿ ಎರಡು ಮೂರು ಮಕ್ಕಳಿಗೆ ಹೊಟ್ಟೆ ಸರಿಯಿಲ್ಲ, ಹಸಿ ಪ್ಲಮ್ ಕಾಯಿ ತಿಂದಿವೆ. ಪ್ರತಿ ವರ್ಷದ ಕತೆ.

ನೀರು ಕಳಿಸಿದ್ದೇನೆ. ಕೊಳಕೇ ಕೊಳಕು. ಹಸಿರು ಅಕ್ರೋಟಿನ ಮುರಬ್ಬವೂ ಇದೆ, ಮುಚ್ಚಳ ಜೋಪಾನ.

ಪರ್ಮೆನ್


ಟಿಬಿಲಿಸಿ, ೨೪ ಜೂನ್ ೧೯೨೭

ದೊಡ್ಡಪ್ಪನವರಿಗೆ,

ನಿಮ್ಮ ಎರಡನೆಯ ಬಾಟಲಿಯ ನೀರನ್ನು ಈ ಸಲ ಸೋಸಲಿಲ್ಲ. ಹಾಗೇ ತಟ್ಟೆಯ ಮೇಲೆ ಸವರಿ ಬೆಚ್ಚಗಿಟ್ಟೆ. ಎರಡು ದಿನ ಕಾದೆ. ಟಿಬಿಲಿಸಿಯಲ್ಲಿ ನಾವು ಕುಡಿಯುವ ನೀರನ್ನು ಹಾಗೆ ಇಟ್ಟರೂ ಹತ್ತಿಪ್ಪತ್ತು ಚುಕ್ಕೆ ಬೆಳೆಯುತ್ತವೆ. ನಿಮ್ಮ ಚರಂಡಿಯ ನೀರಿನಲ್ಲಿ ಒಂದೇ ಒಂದು ಚುಕ್ಕೆ ಬೆಳೆಯಲಿಲ್ಲ. ಸಾಖಿದೆಯ ಮೋರಿಯಲ್ಲಿ ಒಂದು ರೋಗಾಣುವೂ ಇಲ್ಲ ಎಂದರೆ ಒಂದೋ ಸಾಖಿದೆ ಸ್ವರ್ಗವಾಗಿರಬೇಕು, ಇಲ್ಲವೇ ಅಲ್ಲಿಯ ಕಾಂಪೌಂಡರ್ ಸುಳ್ಳು ಹೇಳುತ್ತಿರಬೇಕು. ನಾನು ಅಲ್ಲಿಯೇ ಹುಟ್ಟಿದವಳು, ಸ್ವರ್ಗ ಅಲ್ಲ ಎಂದು ಗೊತ್ತು.

ಮಠದ ಮೇಲಿನ ಬುಗ್ಗೆಯ ನೀರಲ್ಲವೇ ಅದು? ಕುದಿಸಿದ್ದೀರಿ. ಬಟ್ಟೆಯಲ್ಲಿ ಸೋಸಿಯೂ ಇದ್ದೀರಿ, ತಳದಲ್ಲಿ ಒಂದು ಬಿಳಿ ನೂಲಿನ ಎಳೆ ಸಿಕ್ಕಿತು.

ಎರಡು ಕಾಗದದಲ್ಲೂ ಅವಸರವಿಲ್ಲ ಎಂದು ಬರೆದೆ. ಅದು ನನ್ನ ಸುಳ್ಳು. ಡಾಕ್ಟರ್ ಇಪೊಲಿಟೆ ನನಗೆ ಈ ಮೇಜು ಕೊಟ್ಟಿರುವುದು ಒಂದು ಬೇಸಿಗೆಗೆ ಮಾತ್ರ. ಆಗಸ್ಟ್ ೩೧ರೊಳಗೆ ಈ ರೋಗಾಣುವನ್ನು ತಿನ್ನುವುದನ್ನು ತೋರಿಸದಿದ್ದರೆ ಮೇಜು ಇನ್ನೊಬ್ಬರದಾಗುತ್ತದೆ. ನಾನು ಕೆಳಗಿನ ಕೋಣೆಗೆ ಹೋಗಿ ಲಸಿಕೆಯ ಶೀಶೆ ತೊಳೆಯಬೇಕು. ಈ ಬೇಸಿಗೆಗೆ ಅಲ್ಲ, ಕೊನೆಯವರೆಗೂ. ನೀವು ಊರಿಗೆಲ್ಲ ಸಾರಿಕೊಂಡು ಬಂದ ಪ್ರೊಫೆಸರ್ ಶೀಶೆ ತೊಳೆಯುತ್ತಾಳೆ. ಇದನ್ನು ನಿಮಗೆ ಹೇಳಲು ನಾಚಿಕೆಯಾಗಿತ್ತು, ಅದಕ್ಕೆ ಬರೆಯಲಿಲ್ಲ.

ಎದುರು ಸಿಕ್ಕವರಿಗೆಲ್ಲ ‘ನಿನ್ನ ಬೇನೆ ನನಗಿರಲಿ’ ಎನ್ನುವ ಜನ ನಾವು. ತರಕಾರಿಯವಳಿಗೂ ಹೇಳುತ್ತೇವೆ, ಟಿಕೆಟ್ ಕೊಡುವವನಿಗೂ ಹೇಳುತ್ತೇವೆ. ನಾನು ಮೊದಲ ಸಲ ನಿಜವಾಗಿಯೂ ನಿಮ್ಮ ಬೇನೆಯನ್ನು ಬಾಟಲಿಯಲ್ಲಿ ತುಂಬಿ ಕೊಡಿ ಎಂದು ಕೇಳಿದೆ. ನೀವು ಅದನ್ನು ಮುಚ್ಚಿಟ್ಟುಕೊಂಡು ಮುರಬ್ಬ ಕಳಿಸಿದಿರಿ.

ತೆಬ್ರೋನೆ


ಟಿಬಿಲಿಸಿ, ೧೦ ಜುಲೈ ೧೯೨೭

ದೊಡ್ಡಪ್ಪ,

ಹದಿನಾರು ದಿನವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಪ್ರೊಕೋಪಿಯನ್ನು ನಿಲ್ದಾಣದಲ್ಲಿ ಹಿಡಿದು ಕೇಳಿದರೆ, “ನಂಗೇನ್ ಗೊತ್ತಮ್ಮ, ನಾನು ರೈಲಿಂದ ಇಳಿಯೋದೇ ಇಲ್ಲ,” ಎಂದು ಮುಖ ತಿರುಗಿಸಿದ.

ನಿಮಗೆ ನೋವಾಗಿದೆ ಎಂದು ಗೊತ್ತು. ಹಾಗೆ ಬರೆಯಬಾರದಿತ್ತು. ಮುರಬ್ಬದ ಮಾತನ್ನಂತೂ ಖಂಡಿತ ಬರೆಯಬಾರದಿತ್ತು, ಅದನ್ನು ನಾನೊಬ್ಬಳೇ ಎರಡು ದಿನದಲ್ಲಿ ಮುಗಿಸಿದೆ. ನೀರಿನ ವಿಷಯ ಬಿಟ್ಟುಬಿಡಿ. ಶೀಶೆ ತೊಳೆದರೆ ಏನು ಕಡಿಮೆಯಾಗುತ್ತದೆ, ಕೆಳಗಿನ ಕೋಣೆ ಬೇಸಿಗೆಯಲ್ಲಿ ತಂಪಾಗಿರುತ್ತದಂತೆ. ಬೈದಾದರೂ ಒಂದು ಸಾಲು ಬರೆಯಿರಿ. ನಿಮ್ಮ ಮೌನ ನನಗೆ ಅಭ್ಯಾಸವಿಲ್ಲ.

ನಿಮ್ಮ ಬೇನೆ ನನಗಿರಲಿ.

ತೆಬ್ರೋನೆ


ಸಾಖಿದೆ, ೧೭ ಜುಲೈ ೧೯೨೭

ತಾಯಿ,

ನಿನ್ನ ಮೇಲೆ ಕೋಪ ಮಾಡಿಕೊಳ್ಳಲು ಪುರುಸೊತ್ತು ಇರಲಿಲ್ಲ. ಹಸಿ ಪ್ಲಮ್ ಕಾಯಿ ಎಂದು ಬರೆದಿದ್ದೆನಲ್ಲ, ಅದು ಪ್ಲಮ್ ಅಲ್ಲ. ಜೂನ್ ಮೊದಲ ವಾರದಲ್ಲೇ ನನಗೆ ಗೊತ್ತಿತ್ತು. ಈಗ ಹದಿನೆಂಟು ಮನೆಗಳಲ್ಲಿ ರಕ್ತಭೇದಿ ಇದೆ. ಜಿಲ್ಲೆಯ ಡಾಕ್ಟರರು ಬಂದು ಎರಡು ದಿನ ಇದ್ದು, ನನಗೆ ಗೊತ್ತಿರುವ ಔಷಧಿಯನ್ನೇ ಬರೆದುಕೊಟ್ಟು ಹೋದರು. ಹದಗಾರ ಸೆವೇರಿಯನ್ನನ ಕೊನೆಯ ಮಗು ಜುಲೈ ಹನ್ನೆರಡಕ್ಕೆ ತೀರಿಹೋಯಿತು. ಹನ್ನೊಂದು ತಿಂಗಳು. ಹೋದ ವರ್ಷ ಹೆರಿಗೆ ಮಾಡಿಸಿ ಅದನ್ನು ಹೊರಕ್ಕೆ ತಂದದ್ದೂ ಈ ಕೈಯೇ.

ಇನ್ನು ಸುಳ್ಳು ಹೇಳಲಾರೆ. ಮೊದಲ ನೀರು ಬುಗ್ಗೆಯದು, ಎರಡನೆಯದೂ ಬುಗ್ಗೆಯದು. ನೀನು ಊಹಿಸಿದಂತೆ ಕುದಿಸಿಯೂ ಇದ್ದೆ, ನನ್ನ ಹಬ್ಬದ ಅಂಗಿಯ ತೋಳಿನಲ್ಲಿ ಸೋಸಿದೆ. ಪರವೂರಿಗೆ ಕೊಳಕು ಕಳಿಸಲು ನಾಚಿಕೆಯಾಯಿತು ಎಂದು ಹೇಳಿದರೆ ನೀನು ನಂಬುತ್ತೀಯ, ಊರೂ ನಂಬುತ್ತದೆ. ಅದು ಅರ್ಧ ನಿಜ.

ಉಳಿದರ್ಧ ಕೇಳು. ಮಾರ್ಚಿನಲ್ಲಿ ಜಿಲ್ಲಾ ಆರೋಗ್ಯ ಸಮಿತಿಯಿಂದ ಒಂದು ಹಾಳೆ ಬಂದಿತ್ತು. ‘ಆಸ್ಪತ್ರೆಯ ಚರಂಡಿಯನ್ನು ಮುಚ್ಚಲಾಗಿದೆಯೇ?’ ಕೆಲಸದವರು ಮುಂದಿನ ವಾರ ಬರುತ್ತೇವೆ ಎಂದಿದ್ದರು. ಮುಂದಿನ ವಾರದ ಕೆಲಸಕ್ಕೆ ನಾನು ಈ ವಾರವೇ ‘ಮುಚ್ಚಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ಆ ಮುಂದಿನ ವಾರ ಇನ್ನೂ ಬಂದಿಲ್ಲ. ಚರಂಡಿ ಬಾಯಿ ತೆರೆದುಕೊಂಡು ನದಿಗೆ ಬೀಳುತ್ತಿದೆ, ಅದರ ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಾರೆ, ಮಕ್ಕಳು ಈಜುತ್ತಾರೆ. ನೀನು ಆ ನೀರನ್ನೇ ಕೇಳಿದೆ. ಬಾಟಲಿಯ ಮೇಲೆ ಊರ ಹೆಸರು, ಚರಂಡಿಯ ಹೆಸರು ಬರೆದು ರಾಜಧಾನಿಯ ಸರ್ಕಾರಿ ಕಟ್ಟಡಕ್ಕೆ ನನ್ನ ಸುಳ್ಳನ್ನು ನಾನೇ ರೈಲು ಹತ್ತಿಸಬೇಕಿತ್ತು. ಕೈ ಬರಲಿಲ್ಲ.

ಸೆವೇರಿಯನ್ನನ ಮನೆಯಿಂದ ಬಂದ ಮೇಲೆ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಮೊನ್ನೆ ಬೆಳಿಗ್ಗೆ ಬಾಟಲಿಗಳನ್ನು ಎತ್ತಿಕೊಂಡು ಹೊರಟೆ. ಯಾಕೆ ಎಂದು ಕೇಳಿದವರಿಗೆಲ್ಲ ಹೇಳಿದೆ: ಕೊಳಕು ನೀರು ಬೇಕು, ಊರಲ್ಲೇ ಅತಿ ಕೊಳಕಾದದ್ದು, ತೆಬ್ರೋನೆ ಅದರಿಂದ ಔಷಧಿ ಮಾಡುತ್ತಾಳೆ. ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು.

ಮಾಂಸದಂಗಡಿ ಬೀದಿಯವರು ತೋಳು ಹಿಡಿದು ಎಳೆದರು. “ಪರ್ಮೆನಣ್ಣ, ನಮ್ಮ ಮೋರಿ ಮುಂದೆ ಹದಗಾರರ ಮೋರಿ ಯಾವ ಲೆಕ್ಕ? ಬಂದು ಒಂದ್ಸಲ ಮೂಸಿ ನೋಡು.”

“ನಿಮ್ದು ಬರೀ ವಾಸನೆ ಕಣಯ್ಯ,” ಅಂದ ಹದಗಾರರ ಬೀದಿಯ ಒಬ್ಬ, “ನಮ್ಮದ್ರಲ್ಲಿ ಬಣ್ಣಾನೂ ಇದೆ.”

ನಾನು ಎರಡೂ ಬೀದಿಯಲ್ಲಿ ತುಂಬಿಕೊಂಡು ಮನೆಯ ಕಡೆ ತಿರುಗಿದರೆ ದೆಸ್ಪಿನೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. “ಎಲ್ಲರ ಮನೇದೂ ತಗೊಂಡೆ. ನನ್ನ ಹಿತ್ತಲ ಗುಂಡಿ ಏನ್ ಪಾಪ ಮಾಡಿತ್ತು? ನಾನೇನು ಈ ಊರಿಗೆ ಸೇರಿದೋಳಲ್ವಾ?” ಅವಳದ್ದೂ ತುಂಬಿದೆ. ಎಲ್ಲರ ಬಾಟಲಿ ತುಂಬಿದ ಮೇಲೆ ಒಬ್ಬನೇ ಆಸ್ಪತ್ರೆಯ ಹಿಂದೆ ಇಳಿದು ನಾಲ್ಕನೆಯದನ್ನು ತುಂಬಿಕೊಂಡೆ. ಯಾರದ್ದೆಂದು ಎಲ್ಲದರ ಮೇಲೂ ಚೀಟಿ ಅಂಟಿಸಿದ್ದೇನೆ. ಐದನೆಯ ಡಬ್ಬಿಯಲ್ಲಿ ನೀನು ಸಂಕೋಚದಿಂದ ಕೇಳಿದ್ದು ಇದೆ. ಪ್ರೊಕೋಪಿಗೆ ಅದು ಚೀಸು ಎಂದು ಹೇಳಿದ್ದೇನೆ. ದಾರಿಯಲ್ಲಿ ಅವನು ಕೈ ಹಾಕಿದರೆ ಅದು ಅವನ ಹಣೆಬರಹ.

ಮುರಬ್ಬ ಇಲ್ಲ. ಸಮಯ ಸಿಗಲಿಲ್ಲ.

ಪರ್ಮೆನ್


ಟಿಬಿಲಿಸಿ, ೨೯ ಜುಲೈ ೧೯೨೭

ದೊಡ್ಡಪ್ಪ,

ಸಿಕ್ಕಿತು.

ಐದನ್ನೂ ಸೋಸಿ ಸಾರಿಗೆ ಹಾಕಿದೆ. ಮಾಂಸದಂಗಡಿಯದ್ದು ಏನೂ ಮಾಡಲಿಲ್ಲ, ದಯವಿಟ್ಟು ಅವರಿಗೆ ಹೇಳಬೇಡಿ. ಹದಗಾರರದ್ದು, ದೆಸ್ಪಿನೆ ಅತ್ತೆಯ ಗುಂಡಿಯದ್ದು, ಐದನೆಯ ಡಬ್ಬಿಯದ್ದು ಸ್ವಲ್ಪ ಸ್ವಲ್ಪ ತಿಳಿ ಮಾಡಿದವು. ನಾಲ್ಕನೆಯದನ್ನು ಹಾಕಿದ ಕೊಳವೆ ಬೆಳಿಗ್ಗೆ ಎಷ್ಟು ತಿಳಿಯಾಗಿತ್ತೆಂದರೆ, ರೋಗಾಣು ಹಾಕುವುದನ್ನೇ ಮರೆತೆನೇನೋ ಎಂದು ನನಗೆ ಅನುಮಾನ ಬಂತು. ಇನ್ನೊಂದು ಸಲ ಮಾಡಿದೆ. ತಟ್ಟೆಯ ಮೇಲೂ ಸವರಿದೆ. ಬೂದು ಬಣ್ಣದ ರೋಗಾಣು ಹಾಸಿನ ಮೇಲೆ ಅಲ್ಲಲ್ಲಿ ಗುಂಡಗೆ ತೂತು, ನುಸಿ ಹೊಡೆದ ಉಣ್ಣೆಯ ಶಾಲಿನ ಹಾಗೆ. ನಲವತ್ತೊಂದು ತೂತು. ನಾನು ಎಣಿಸಿದ್ದೇನೆ, ಡಾಕ್ಟರ್ ಇಪೊಲಿಟೆ ಎಣಿಸಿದ್ದಾರೆ, ಬಾಗಿಲು ಕಾಯುವವನೂ ಬಂದು ಎಣಿಸಿದ್ದಾನೆ. ಅವನಿಗೆ ನಲವತ್ತೆರಡು ಬಂತು.

ದೊಡ್ಡಪ್ಪ, ನಾನು ಮೇಜಿನ ಕೆಳಗೆ ಕೂತು ಅತ್ತೆ. ಖುಷಿಗೇ ಅತ್ತದ್ದು. ಸೆವೇರಿಯನ್ನನ ಮಗುವಿಗೂ ಇರಬಹುದು. ಜೂನ್ ಮೊದಲ ವಾರದಲ್ಲೇ ನನಗೆ ಬರೆದಿದ್ದರೆ ಎಂದು ಒಂದು ಸಲ ಮನಸ್ಸಿಗೆ ಬಂತು. ನಿಮಗೂ ಬಂದಿರುತ್ತದೆ. ಅದನ್ನು ಮತ್ತೆ ಎತ್ತುವುದಿಲ್ಲ.

ಈಗ ಒಂದು ತೊಡಕು. ಇಲ್ಲಿ ಸಿಕ್ಕ ಪ್ರತಿಯೊಂದನ್ನೂ ದೊಡ್ಡ ಪುಸ್ತಕದಲ್ಲಿ ಬರೆಯಬೇಕು: ಯಾವ ದಿನ, ಯಾವ ಊರು, ಯಾವ ನೀರು. ಪುಸ್ತಕದ ಪ್ರತಿ ಆರೋಗ್ಯ ಇಲಾಖೆಗೆ ಹೋಗುತ್ತದೆ. ನಾಲ್ಕನೆಯದರ ಚೀಟಿಯಲ್ಲಿ ನಿಮ್ಮ ಕೈಯಲ್ಲೇ ‘ಆಸ್ಪತ್ರೆಯ ತೆರೆದ ಚರಂಡಿ’ ಎಂದಿದೆ. ಅದನ್ನು ಹಾಗೇ ಬರೆದರೆ ನಿಮ್ಮ ಮಾರ್ಚಿನ ಸಹಿ ಸುಳ್ಳಾಗುತ್ತದೆ. ‘ಪಶ್ಚಿಮದ ಒಂದು ನದಿ’ ಎಂದು ಬರೆದುಬಿಡುತ್ತೇನೆ. ಹೊಟ್ಟೆಬಾಕರು ತಮ್ಮ ಊರು ಯಾವುದೆಂದು ಹೇಳುವುದಿಲ್ಲ. ಪುಸ್ತಕದಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ, ನಿಮ್ಮ ಉತ್ತರ ಬರುವವರೆಗೆ.

ನಿಮ್ಮ
ತೆಬ್ರೋನೆ


ಸಾಖಿದೆ, ೨ ಆಗಸ್ಟ್ ೧೯೨೭

ತಾಯಿ,

ಇದ್ದದ್ದು ಇದ್ದ ಹಾಗೆ ಬರೆ. ನೀನೇ ಮೊದಲ ಕಾಗದದಲ್ಲಿ ಕೇಳಿದ್ದು ಅದನ್ನೇ.

‘ಸಾಖಿದೆ, ಆಸ್ಪತ್ರೆಯ ಚರಂಡಿ, ತೆರೆದದ್ದು’ ಎಂದು ಬರೆ. ಸಮಿತಿಗೆ ನಾನು ಇವತ್ತೇ ಬೇರೆ ಕಾಗದ ಹಾಕುತ್ತಿದ್ದೇನೆ. ನಿನ್ನ ಪುಸ್ತಕದಿಂದ ಅವರಿಗೆ ತಿಳಿಯುವುದು ಬೇಡ, ನನ್ನಿಂದಲೇ ತಿಳಿಯಲಿ. ಕೆಲಸ ಹೋದರೆ ಹೋಯಿತು. ಮೂವತ್ತೊಂದು ವರ್ಷ ಮಾಡಿದ್ದೇನೆ.

ಔಷಧಿ ಯಾವಾಗ ಬರುತ್ತದೆ? ದೆಸ್ಪಿನೆಯ ಮೊಮ್ಮಗಳು ಮಾಯಿಕೋ ನಿನ್ನೆಯಿಂದ ಮಲಗಿದ್ದಾಳೆ. ನಾಲ್ಕು ವರ್ಷದ ಮಗು. ದೆಸ್ಪಿನೆ ನನ್ನ ಜೊತೆ ಜಗಳ ಆಡುವುದನ್ನು ಬಿಟ್ಟಿದ್ದಾಳೆ. ಅದನ್ನು ನೋಡಿದರೆ ನನಗೆ ಭಯವಾಗುತ್ತದೆ.

ಪರ್ಮೆನ್


ಟಿಬಿಲಿಸಿ, ೫ ಆಗಸ್ಟ್ ೧೯೨೭

ದೊಡ್ಡಪ್ಪ,

ನೀವು ಹೇಳಿದ ಹಾಗೆಯೇ ಬರೆದೆ. ಡಾಕ್ಟರ್ ಇಪೊಲಿಟೆ ನನ್ನ ಭುಜದ ಮೇಲಿಂದ ಅದನ್ನು ಓದಿ, “ನಿಮ್ಮ ದೊಡ್ಡಪ್ಪ ದೊಡ್ಡ ಮನುಷ್ಯರು ಕಣಮ್ಮ. ನಾನಾಗಿದ್ರೆ ನದಿ ಅಂತ್ಲೇ ಬರೆಸ್ತಿದ್ದೆ,” ಅಂದರು. ಆಮೇಲೆ ಮೇಜಿನ ಗಿಡ್ಡ ಕಾಲಿನ ಕೆಳಗೆ ಒಂದು ಮರದ ಬಿಲ್ಲೆ ಇಟ್ಟು ಹೋದರು. ಮೇಜು ನನಗೇ ಉಳಿಯಿತು ಎಂದು ಅದರ ಅರ್ಥ. ಅವರು ಮಾತಿನಲ್ಲಿ ಹೇಳುವವರಲ್ಲ.

ಪ್ರೊಕೋಪಿಯ ಕೈಯಲ್ಲಿ ಮೂವತ್ತು ಗಾಜಿನ ಶೀಶೆ ಇವೆ. ಪ್ರತಿಯೊಂದನ್ನೂ ಸೋಸಿ, ಪರೀಕ್ಷಿಸಿ, ಬಾಯಿ ಬೆಸೆದಿದ್ದೇವೆ. ನಾನೂ ಡಾಕ್ಟರರೂ ಮೂರು ದಿನದ ಹಿಂದೆ ಒಂದೊಂದು ಕುಡಿದಿದ್ದೇವೆ, ಇಬ್ಬರಿಗೂ ಏನೂ ಆಗಿಲ್ಲ. ಒಂದು ಮಗುವಿಗೆ ಒಂದು ಶೀಶೆ, ಸ್ವಲ್ಪ ನೀರು ಬೆರೆಸಿ. ಮರುದಿನ ಇನ್ನೊಂದು. ಕುದಿಸಬೇಡಿ. ಸಾರಾಯಿ ಬೆರೆಸಬೇಡಿ. ನಿಮ್ಮನ್ನು ಬಲ್ಲೆ, ಅದಕ್ಕೇ ಹೇಳುತ್ತಿದ್ದೇನೆ.

ಯಾರಿಗೆ ಕೊಟ್ಟಿರಿ, ಏನಾಯಿತು, ಎಲ್ಲ ಬರೆದಿಡಿ. ಗುಣವಾಗದಿದ್ದರೆ ಅದನ್ನೂ ಬರೆಯಿರಿ. ದೆಸ್ಪಿನೆ ಅತ್ತೆಗೆ ಹೇಳಿ, ಮಾಯಿಕೋಳ ಬೇನೆ ನನಗಿರಲಿ.

ತೆಬ್ರೋನೆ


ಸಾಖಿದೆ, ೧೬ ಆಗಸ್ಟ್ ೧೯೨೭

ತೆಬ್ರೋನೆ ತಾಯಿ,

ಶೀಶೆ ಬಂದದ್ದು ಆರನೆಯ ತಾರೀಖು ಬೆಳಿಗ್ಗೆ. ಒಂದೂ ಒಡೆದಿರಲಿಲ್ಲ. ಆಸ್ಪತ್ರೆಯ ಜಗುಲಿಯ ಮೇಲೆ ಸಾಲಾಗಿ ಜೋಡಿಸಿ, ತಾಯಂದಿರನ್ನು ಕರೆಸಿದೆ. ಎಲ್ಲರೂ ಬಂದರು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತರು. ಯಾರೂ ಕೈ ಚಾಚಲಿಲ್ಲ.

ಬುದ್ಧಿಗೇಡಿ ನಾನು. ಈ ನೀರು ಎಲ್ಲಿಂದ ಬಂತೆಂದು ಊರಿಗೆಲ್ಲ ನಾನೇ ಡಂಗುರ ಹೊಡೆದಿದ್ದೆನಲ್ಲ. ಸೆವೇರಿಯನ್ನನ ಹೆಂಡತಿ ಮುಂದೆ ಬಂದಳು. ಅವಳ ಇನ್ನೊಂದು ಮಗುವಿಗೂ ಬೇನೆ ಬಂದಿತ್ತು. “ಏನ್ ಕಾಂಪೌಂಡರೇ, ನಮ್ಮ ಮೋರಿ ನೀರನ್ನೇ ಟಿಬಿಲಿಸಿಗೆ ಕಳ್ಸಿ, ಚೆಂದದ ಶೀಶೆಗೆ ಹಾಕಿಸ್ಕೊಂಡು ಬಂದು, ನಮ್ಮ ಮಕ್ಕಳಿಗೇ ಕುಡಿಸ್ತೀರಾ?” ಎಂದು ಕೇಳಿದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ, ಬರೀ ದಣಿವಿತ್ತು.

ಈ ಊರಿನ ಯಾವ ಔತಣಕ್ಕೂ ನಾನೇ ತಮಾದಾ ಎಂದು ನಿನಗೆ ಗೊತ್ತು. ನಾನು ಬಟ್ಟಲೆತ್ತಿ ಹಾರೈಕೆ ನುಡಿಯದೆ ಯಾರೂ ಒಂದು ಗುಟುಕು ಕುಡಿಯುವುದಿಲ್ಲ. ಬೇರೆ ದಾರಿ ಗೊತ್ತಿಲ್ಲದೆ ಅದನ್ನೇ ಮಾಡಿದೆ. ಒಂದು ಶೀಶೆಯ ಬಾಯಿ ಮುರಿದು ಬಟ್ಟಲಿಗೆ ಸುರಿದುಕೊಂಡು ಜಗುಲಿಯ ಮೇಲೆ ಎದ್ದು ನಿಂತೆ. ನನ್ನ ಹಾರೈಕೆಗಳು ಎಷ್ಟು ಉದ್ದ ಇರುತ್ತವೆಂದು ಊರವರು ಆಡಿಕೊಳ್ಳುತ್ತಾರೆ. ಇದು ಚಿಕ್ಕದಿತ್ತು.

“ಇದು ಯಾರ ಮೋರೀದೂ ಅಲ್ಲ, ಆಸ್ಪತ್ರೇದು,” ಅಂದೆ. “ಈ ಚರಂಡಿ ಮುಚ್ಚಿದೆ ಅಂತ ಮಾರ್ಚಲ್ಲಿ ಸಮಿತಿಗೆ ಸಹಿ ಹಾಕ್ಕೊಟ್ಟೋನು ನಾನು. ಮುಚ್ಚಿರ್ಲಿಲ್ಲ. ನಿಮ್ಮ ಮಕ್ಕಳ ಹೊಟ್ಟೇಲಿ ಇರೋ ಬೇನೆ ಬಂದಿದ್ದು ಅಲ್ಲಿಂದಾನೇ ಇರ್ಬೋದು. ಅದನ್ನ ತಿನ್ನೋದು ಸಿಕ್ಕಿರೋದೂ ಅಲ್ಲೇ. ಸೆವೇರಿಯನ್, ನಿನ್ನ ಮುಂದೆ ನಿಂತು ಇದನ್ನ ಹೇಳ್ತಾ ಇದೀನಿ.”

ಸೆವೇರಿಯನ್ ನೆಲ ನೋಡುತ್ತಿದ್ದ. ಆಗ ಹಿಂದಿನಿಂದ ದೆಸ್ಪಿನೆ, ಐದು ದಿನದಿಂದ ಬಾಯಿ ಬಿಡದಿದ್ದವಳು, ಮಾತಾಡಿದಳು. “ನಿನ್ನ ಸಹಿ ನೋಡಿದ್ದಾಯ್ತು ಪರ್ಮೆನ್. ಈಗ ಕುಡಿ, ಅದನ್ನೂ ನೋಡೋಣ.”

ಕುಡಿದೆ. ಉಪ್ಪು ಮರೆತ ಮಾಂಸದ ಸಾರಿನ ರುಚಿ. ಅವಳು ಮಾಯಿಕೋಳನ್ನು ಎತ್ತಿಕೊಂಡು ಜಗುಲಿ ಹತ್ತಿ ಬಂದಳು, ಇನ್ನೊಂದು ಶೀಶೆಯನ್ನು ತಾನೇ ಮುರಿದಳು, ನಾಲಿಗೆಗೆ ಎರಡು ಹನಿ ಮುಟ್ಟಿಸಿಕೊಂಡಳು. “ಒಂದು ಹಿಡಿ ಕೊತ್ತಂಬರಿ ಹಾಕಿದ್ರೆ ಆಗ್ತಿರ್ಲಿಲ್ವಾ ಇವರಿಗೆ?” ಎಂದು ಹೇಳಿ ಉಳಿದದ್ದನ್ನು ಮಗುವಿನ ಬಾಯಿಗೆ ಹಿಡಿದಳು. ಎರಡನೆಯವಳು ಸೆವೇರಿಯನ್ನನ ಹೆಂಡತಿ. ನಾನು ಕೊಡಲು ಹೋದರೆ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, ಸಾಲಿನಿಂದ ತಾನೇ ಎತ್ತಿಕೊಂಡಳು. ಅದು ಅವಳ ನ್ಯಾಯ.

ಇನ್ನು ನಿನಗೆ ಬೇಕಾದದ್ದು. ಹದಿನಾಲ್ಕು ಮಕ್ಕಳಿಗೆ ಕೊಟ್ಟೆ. ಹನ್ನೆರಡು ಮಕ್ಕಳಿಗೆ ಮೂರನೆಯ ದಿನಕ್ಕೆ ರಕ್ತ ನಿಂತಿತು. ಒಬ್ಬನಿಗೆ ಒಂದು ವಾರ ಹಿಡಿಯಿತು. ಒಬ್ಬಳು ಮೊದಲ ಶೀಶೆಯನ್ನು ನನ್ನ ಅಂಗಿಯ ಮೇಲೇ ಉಗುಳಿದಳು, ಎರಡನೆಯದನ್ನು ಕುಡಿದು ಈಗ ಚೆನ್ನಾಗಿದ್ದಾಳೆ. ಯಾರೂ ತೀರಿಹೋಗಲಿಲ್ಲ. ಕೆಲವರು ಔಷಧಿಯಿಲ್ಲದೆಯೂ ಗುಣವಾಗುತ್ತಿದ್ದರೇನೋ ಎಂದು ನೀನು ಅನ್ನುತ್ತೀಯ. ಇರಬಹುದು, ಆದರೆ ಅದನ್ನು ದೆಸ್ಪಿನೆಗೆ ನೀನೇ ಬಂದು ಹೇಳು. ಮಾಯಿಕೋ ನಾಲ್ಕನೆಯ ದಿನ ಎದ್ದು ಮೆಕ್ಕೆಜೋಳದ ರೊಟ್ಟಿ ಕೇಳಿದಳು. ರೊಟ್ಟಿಯ ಅಂಚು ಸೀದಿದೆ ಎಂದು ಅಜ್ಜಿಯ ಜೊತೆ ಜಗಳ ಆಡಿದಳು. ಗೋಡೆಯ ಈಚೆ ಕೂತು ಅದನ್ನು ಕೇಳುತ್ತಿದ್ದರೆ ನನಗೆ ಕಣ್ಣು ತುಂಬಿ ಬಂತು.

ಸಮಿತಿಯ ಉತ್ತರ ನಿನ್ನೆ ಬಂತು. ಕೆಲಸದಿಂದ ತೆಗೆದಿಲ್ಲ. ಒಂದು ಪುಟ ಛೀಮಾರಿ ಹಾಕಿದ್ದಾರೆ, ಎರ್ಮಾಲೋ ಅದನ್ನು ಒಳ್ಳೆಯ ಧ್ವನಿಯಲ್ಲಿ ಕಟ್ಟೆಯ ಮೇಲೆ ಓದಿದ. ಕೊನೆಯ ಸಾಲಿನಲ್ಲಿ, ಚರಂಡಿಯನ್ನು ಶರತ್ಕಾಲದ ಮಳೆಗೆ ಮೊದಲು ಮುಚ್ಚತಕ್ಕದ್ದು, ಮುಗಿಯುವವರೆಗೆ ಕಾಂಪೌಂಡರ್ ಖುದ್ದಾಗಿ ಸ್ಥಳದಲ್ಲಿ ನಿಲ್ಲತಕ್ಕದ್ದು ಎಂದಿದೆ. ನಿಲ್ಲುವುದು ಎಂದರೆ ಅಗೆಯುವುದು ಎಂದು ದೆಸ್ಪಿನೆ ಅರ್ಥ ಮಾಡಿದ್ದಾಳೆ, ಊರು ಒಪ್ಪಿದೆ. ಇವತ್ತು ಬೆಳಿಗ್ಗೆ ಹೋದಾಗ ಸೆವೇರಿಯನ್ ನನಗಿಂತ ಮೊದಲೇ ಬಂದು ಅಗೆಯುತ್ತಿದ್ದ. ಇನ್ನೊಂದು ಗುದ್ದಲಿಯನ್ನು ನನ್ನ ಕಡೆ ನೂಕಿದ. ಸಂಜೆಯವರೆಗೆ ಇಬ್ಬರೂ ಅಗೆದೆವು, ಒಂಬತ್ತು ಮಾರು ಆಯಿತು, ಇನ್ನು ಅರವತ್ತು ಇದೆ.

ನಿನ್ನ ಮೇಜಿನ ಮೇಲೆ ಬೆನ್ನುನೋವು ತಿನ್ನುವ ಹೊಟ್ಟೆಬಾಕರು ಯಾರಾದರೂ ಇದ್ದರೆ ನಾಳೆಯ ರೈಲಿಗೇ ಕಳಿಸು. ಎರಡು ಶೀಶೆ ಕಳಿಸು, ಒಂದು ಸೆವೇರಿಯನ್ನನಿಗೆ.

ದೊಡ್ಡಪ್ಪ
ಪರ್ಮೆನ್